ಕೆಂಪು ಗೆರೆಯ ಆಚೆಯವರು

ಜಲಜಾಕ್ಷಿ ಮದುವೆಯಾಗಿ ಕಾರ್ಕಳದ ಕಡೆಯಿಂದ ಡೊಂಬಿವಲಿಗೆ ಬಂದ ಮೊದಲ ಮಳೆಗಾಲದಲ್ಲೇ ಮನೆಯೊಳಗೆ ಮೊಣಕಾಲುದ್ದ ನೀರು ಕಂಡವಳು. ಗಂಡ ಸರ್ವೋತ್ತಮ ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್; ಅವಳು ಮನೆಯಲ್ಲೇ ಇಡ್ಲಿ, ದೋಸೆಯ ಹಿಟ್ಟು ರುಬ್ಬಿ ಮಾರುತ್ತಿದ್ದಳು. ಪ್ರತಿ ಜುಲೈಯಲ್ಲೂ ಗ್ರೈಂಡರನ್ನು ಮಂಚದ ಮೇಲೇರಿಸುವುದು, ನೀರಿಳಿದ ಮೇಲೆ ಗಟಾರದ ಕೆಸರು ಬಳಿಯುವುದು. 2005ರ ಮಹಾಮಳೆಯಲ್ಲಿ ಅತ್ತೆಯನ್ನು ಅಟ್ಟದಲ್ಲಿ ಕೂರಿಸಿ ರಾತ್ರಿ ಕಳೆದದ್ದನ್ನು ಅವಳು ಮರೆತಿರಲಿಲ್ಲ.

ಹಾಗಾಗಿ 2012ರಲ್ಲಿ ಗಲ್ಲಿಯ ರಸ್ತೆ ಎತ್ತರಿಸಿ ಹೊಸ ಗಟಾರ ಕಟ್ಟುವ ಪಾಲಿಕೆಯ ಯೋಜನೆ ಬಂದಾಗ ಎಲ್ಲರಿಗಿಂತ ಮುಂದೆ ನಿಂತವಳು ಅವಳೇ. ಯಾರಿಗೆ ಅನುಕೂಲವೋ ಅವರೇ ಖರ್ಚಿನ ಪಾಲು ಹೊರಬೇಕು, ಹತ್ತು ವರ್ಷ ಘರ್‌ಪಟ್ಟಿಯ, ಅಂದರೆ ಮನೆ ತೆರಿಗೆಯ, ಜೊತೆ ಕಟ್ಟಬೇಕು ಎಂಬುದು ಷರತ್ತು. ನಕ್ಷೆಯಲ್ಲಿ ಒಂದು ಕೆಂಪು ಗೆರೆ. ಅದರೊಳಗಿನ ಮನೆಗಳಿಗೆ ಮಾತ್ರ ಹೊರೆ, ಅವಕ್ಕೆ ಮಾತ್ರ ಕೆಲಸ.

ಗೆರೆ ಎಲ್ಲಿ ನಿಲ್ಲಬೇಕು ಎಂದು ಗಲ್ಲಿಯ ಕಮಿಟಿ ಕೂತು ಚರ್ಚಿಸಿತು. ಇಳಿಜಾರಿನ ಕೆಳಗೆ ಝೋಪಡಿಗಳ ಸಾಲು, ಅದರಾಚೆ ಖಾಡಿ, ಸಮುದ್ರದ ಹಿನ್ನೀರು. "ಗಟಾರವನ್ನು ಖಾಡಿಯವರೆಗೆ ಒಯ್ದರೆ ಖರ್ಚು ದುಪ್ಪಟ್ಟು," ಎಂದರು ಅಧ್ಯಕ್ಷ ವಿಷ್ಣುಮೂರ್ತಿ. "ಕೆಳಗಿನ ಝೋಪಡಿಗಳವರು ಏನು ಕೊಡ್ತಾರೆ? ಅವರ ಪಾಲೂ ನಮ್ಮ ತಲೆಗೇ. ಇಳಿಜಾರಿನವರೆಗೆ ಸಾಕು." ಎಲ್ಲರೂ ತಲೆಯಾಡಿಸಿದರು. ಜಲಜಾಕ್ಷಿಯೂ. ಮನೆಮನೆಗೆ ಹೋಗಿ ಸಹಿ ಹಾಕಿಸಿದವಳೂ ಅವಳೇ.

ಹಿಟ್ಟು ರುಬ್ಬಲು ಬರುತ್ತಿದ್ದ ಚಂದ್ರಬಾಯಿ ಆ ಕೆಳಗಿನ ಸಾಲಿನವಳು. ಕಲಬುರಗಿ ಕಡೆಯಿಂದ ಗಂಡ ಮಾನಪ್ಪನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದವಳು. ಅಕ್ಕಿ ತೊಳೆಯುತ್ತಾ ಕೇಳಿದಳು, "ಅಕ್ಕೋರೆ, ನಿಮ್ಮ ಗಲ್ಲಿ ನೀರು ಎಲ್ಲಿ ಹೋಗ್ತಾವ್ರೀ?"

"ಅದೆಲ್ಲ ಇಂಜಿನಿಯರ್ ನೋಡಿಕೊಳ್ತಾರೆ ಮಾರಾಯ್ತಿ."

ಚಂದ್ರಬಾಯಿ ಅಕ್ಕಿಯ ನೀರು ಬಸಿದು ಗ್ರೈಂಡರಿಗೆ ಸುರಿದಳು.

ರಸ್ತೆ ಎದ್ದಂತೆ ಕೆಳಗಿನ ತಗಡಿನ ಮಾಡುಗಳು ಅದರ ಅಂಚಿನ ಮಟ್ಟಕ್ಕೆ ಬಂದವು. ಮೇ ತಿಂಗಳಲ್ಲಿ ಟ್ಯಾಂಕರ್ ತರಿಸಿ ರಸ್ತೆ ತೊಳೆದಾಗ ನೀರು ಎಲ್ಲೂ ನಿಲ್ಲದೆ ಇಳಿಜಾರಿಗೆ ಓಡಿತು. ಮೇಲಿನವರು ಚಪ್ಪಾಳೆ ತಟ್ಟಿದರು. ಕೆಳಗೆ ಮಾನಪ್ಪ ಅದನ್ನು ನೋಡಿ ಗೋಣಿಗೆ ಮಣ್ಣು ತುಂಬತೊಡಗಿದ.

ಜೂನ್ ಕೊನೆಗೆ ಮಳೆ ಹಿಡಿಯಿತು. ಬೆಳಗ್ಗೆ ಖಾಡಿಯಲ್ಲಿ ಭರತ, ಸಮುದ್ರದ ನೀರು ಉಬ್ಬಿ ಬಂದಿತ್ತು. ಜಲಜಾಕ್ಷಿ ಬಾಗಿಲು ತೆರೆದರೆ ಹೊಸ್ತಿಲು ಒಣಗಿತ್ತು. ಖುಷಿಯಲ್ಲಿ ಗ್ರೈಂಡರ್ ಚಾಲೂ ಮಾಡಿದಳು. ಎಷ್ಟು ಹೊತ್ತಾದರೂ ಚಂದ್ರಬಾಯಿ ಬರಲಿಲ್ಲ. ಛತ್ರಿ ಹಿಡಿದು ಇಳಿದಳು.

ಇಳಿಜಾರಿನ ಕೆಳಗೆ ಓಣಿಯೇ ಇರಲಿಲ್ಲ, ಕಂದು ನೀರಿತ್ತು. ಮೇಲಿಂದ ಗಟಾರ ಇನ್ನೂ ಧೋ ಎಂದು ಸುರಿಯುತ್ತಿತ್ತು. ಝೋಪಡಿಯ ಗೋಡೆ ಕುಸಿದು ಮಾನಪ್ಪನ ಕಾಲು ಅದರಡಿ ಸಿಕ್ಕಿಕೊಂಡಿತ್ತು. ಅವನ ತಲೆ ಮುಳುಗದಂತೆ ಚಂದ್ರಬಾಯಿ ತನ್ನ ಹೆಗಲಿಗೆ ಎತ್ತಿ ಹಿಡಿದಿದ್ದಳು. ಜಲಜಾಕ್ಷಿ ಛತ್ರಿ ಎಸೆದು ಎದೆಮಟ್ಟದ ನೀರಿಗಿಳಿದಳು. ಅಕ್ಕಪಕ್ಕದವರೂ ಸೇರಿ ಇಟ್ಟಿಗೆ ಸರಿಸಿ ಅವನನ್ನು ಹೊರಗೆಳೆದರು.

ಚಂದ್ರಬಾಯಿ ಅವಳನ್ನೇ ನೋಡಿದಳು. "ನಿಮ್ಮ ಮನಿ ಒಣಗೇದೇನ್ರಿ ಅಕ್ಕೋರೆ?"

ಆ ಮಾತಿನಲ್ಲಿ ಕೋಪವಿರಲಿಲ್ಲ. ಮಾನಪ್ಪ ಬದುಕಿದ, ಕಾಲು ಸೊಟ್ಟಗಾಯಿತು. ಗಂಡಹೆಂಡಿರು ಅಂಬರನಾಥಕ್ಕೆ ಹೋದರು.

ಮುಂದಿನ ಮೀಟಿಂಗಿನಲ್ಲಿ ಜಲಜಾಕ್ಷಿ ಎದ್ದು ನಿಂತಳು. "ಗೆರೆ ಖಾಡಿಯವರೆಗೆ ಎಳೆಯುವ. ಹೆಚ್ಚಾದ ಪಾಲು ನಾವೇ ಹೊರುವ."

"ಜಲಜಕ್ಕ, ಸೈ ಹಾಕಿಸಿದ್ದು ನೀವೇ ಅಲ್ವಾ?" ವಿಷ್ಣುಮೂರ್ತಿ ನಕ್ಕರು.

"ಹೌದು. ಈಗ ಇನ್ನೊಂದು ಸೈ ಕೇಳ್ತಿದ್ದೇನೆ."

ಯಾರೂ ಹಾಕಲಿಲ್ಲ. ಮನೆಗೆ ಬಂದರೆ ಮಗ ಸಮಿತ್, "ಛೋಡೋ ನಾ ಅಮ್ಮಾ, ಬಿಟ್ಟುಬಿಡು," ಎಂದ.

ಮರುವರ್ಷದ ಮೇ ತಿಂಗಳಲ್ಲಿ ಚಂದ್ರಬಾಯಿಯ ಕುಸಿದ ಗೋಡೆಯನ್ನು ಯಾರೋ ಮತ್ತೆ ಕಟ್ಟಿಸಿ ಮನೆಯನ್ನು ಬಾಡಿಗೆಗೆ ಕೊಟ್ಟರು. ರಾಯಚೂರಿನ ಹೊಸ ಸಂಸಾರ. ಮುಂಬ್ರಾ ಗುಡ್ಡದ ಮೇಲೆ ಮೋಡ ಕಟ್ಟುತ್ತಿದ್ದ ಒಂದು ಸಂಜೆ ಜಲಜಾಕ್ಷಿ ಇಳಿದು ಹೋಗಿ ಆ ಹೆಂಗಸಿಗೆ ಹೇಳಿದಳು: "ಇಲ್ಲಿ ಇರಬೇಡಮ್ಮ. ಮಳೆಗಾಲದಲ್ಲಿ ನೀರು ನುಗ್ತದೆ."

ಅವಳು ಕಂಕುಳಲ್ಲಿದ್ದ ಮಗುವನ್ನು ಸರಿಪಡಿಸಿಕೊಂಡು, ಮೇಲಿನ ಕಾಂಕ್ರೀಟನ್ನು ಮೆಚ್ಚುಗೆಯಿಂದ ನೋಡಿದಳು.

"ಹೊಸ ರಸ್ತೆ ಆಗೇದಲ್ರೀ ಅಕ್ಕಾ, ಇನ್ನೆಲ್ಲಿ ನೀರು?"