ಸುಣ್ಣದ ಬಾಣ

ದಿಬ್ಬೂರಹಳ್ಳಿಯ ಆಚೆಗಿನ ಗುಡ್ಡ ಹತ್ತಲು ಹೋದ ಬೆಳಗ್ಗೆ ನನಗೆ ಅಸಹ್ಯ ಹುಟ್ಟಿಸಿದ್ದು ಬಂಡೆಗಳ ಮೇಲಿನ ಬಾಣದ ಗುರುತುಗಳು. ಒಂದು ಎಡಕ್ಕೆ ತೋರಿಸಿದರೆ ಪಕ್ಕದ್ದು ಬಲಕ್ಕೆ. ನಡುವೆ ಯಾವನೋ ಬರೆದ ಪ್ರೇಯಸಿಯ ಹೆಸರು, ಅದರ ಮೇಲೆ ಗುಟ್ಕಾ ಉಗುಳು. ಕೊನೆಗೆ ಸುಣ್ಣದಲ್ಲಿ ಬರೆದಿದ್ದ ದೊಡ್ಡ ಬಾಣವೊಂದನ್ನು ನಂಬಿದೆ. ಅದು ನನ್ನನ್ನು ಜಾಲಿಮುಳ್ಳಿನಲ್ಲಿ ಒಂದು ಗಂಟೆ ಸುತ್ತಿಸಿ, ಹೊರಟಿದ್ದ ಡಾಂಬರು ರಸ್ತೆಗೇ ತಂದು ಬಿಟ್ಟಿತು.

ರಸ್ತೆ ಪಕ್ಕದ ತೋಟದಲ್ಲಿ ವಯಸ್ಸಾದ ಹೆಂಗಸೊಬ್ಬಳು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಳು. ಅವಳ ಮುಂದೆ ರೇಗಾಡಿದೆ.

"ಯಾವ ಮುಠ್ಠಾಳ ಬರೆದಿದ್ದಮ್ಮಾ ಆ ಬಾಣಾನ?"

"ನಾನೇ ಕಣಪ್ಪ. ಗುಡ್ಡದ ದಾರಿ ನಮ್ಮ ರೇಷ್ಮೆ ಹುಳದ ಮನೆ ಬಾಗ್ಲಲ್ಲೇ ಹೋಗ್ತದೆ. ಬರೋರೆಲ್ಲ ಮೈಗೆ ಸೆಂಟು, ಸೊಳ್ಳೆ ಕ್ರೀಮು ಬಳ್ಕೊಂಡು ಒಳಗೆ ಬಗ್ಗಿ ನೋಡ್ತಾರೆ. ಹೋದ ಸಲ ಆ ವಾಸ್ನೆಗೇ ಹುಳ ಎಲ್ಲಾ ಸತ್ತೋದ್ವು. ಅದಕ್ಕೇ ಈ ಕಡೆ ತಿರುಗಿಸ್ದೆ."

ನಾನು ಹುಟ್ಟಿದ್ದೇ ಹುಳ ಸಾಕುವ ಮನೆಯಲ್ಲಿ. ಹುಳ ಇರುವಷ್ಟು ದಿನ ಅಮ್ಮ ಮಲ್ಲಿಗೆ ಮುಡಿಯುತ್ತಿರಲಿಲ್ಲ. ಬೀಡಿ ಸೇದಿ ಬಂದ ಅಪ್ಪನನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದಳು. ಅಂಥವಳ ಮಗ ನಾನು, ಅವತ್ತು ಗೌರಿಬಿದನೂರಿನಿಂದ ಹೊರಡುವಾಗ ಕತ್ತಿನಿಂದ ಪಾದದವರೆಗೆ ಸೊಳ್ಳೆ ಕ್ರೀಮು ಹಚ್ಚಿಕೊಂಡಿದ್ದೆ.

ವಾಸನೆ ಅವಳಿಗೆ ತಟ್ಟಿರಬೇಕು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಕುಡುಗೋಲು ಎತ್ತಿ ಬಸ್ ನಿಲ್ಲುವ ಕಡೆಗೆ ತೋರಿಸಿದಳು. ಆ ದಿನ ನನಗೆ ಸಿಕ್ಕ ಸರಿಯಾದ ಗುರುತು ಅದೊಂದೇ.