ತಾರೀಖು ಚೀಟಿಯ ಹಿಂಬದಿ

ನಮ್ಮ ಲೈಬ್ರರಿ ಮೇಡಂ ಅವರ ಬಲಗೈ ಹೆಬ್ಬೆರಳಿನ ಮೇಲೆ ಯಾವಾಗಲೂ ಒಣಗಿದ ಗೋಂದಿನ ಪೊರೆ ಇರುತ್ತಿತ್ತು. ಮಾತಾಡುತ್ತಲೇ ಅದನ್ನು ಸುಲಿಯುತ್ತಿದ್ದರು. ಪುಸ್ತಕದ ಕೊನೆಗೆ, ವಾಪಸ್ ಕೊಡುವ ದಿನ ಗುರುತಿಸುವ ತಾರೀಖು ಚೀಟಿ ಅಂಟಿಸುವಾಗ ಮೇಲಂಚಿಗೆ ಮಾತ್ರ ಗೋಂದು ಹಚ್ಚುವುದು ಅವರ ಪದ್ಧತಿ. ಪೂರ್ತಿ ಯಾಕೆ ಅಂಟಿಸಲ್ಲ ಎಂದು ನಾನು ಕೇಳಲಿಲ್ಲ. ಜಿಪುಣತನ ಅಂದುಕೊಂಡಿದ್ದೆ.

ಚಂದಾಪುರದ ಆ ಖಾಸಗಿ ಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಮಕ್ಕಳಲ್ಲಿ ಬಹಳಷ್ಟು ಜನ ಫ್ಯಾಕ್ಟರಿ ಕೆಲಸಕ್ಕೆ ರಾಯಚೂರು, ಕಲಬುರಗಿ ಕಡೆಯಿಂದ ಬಂದವರ ಮನೆಯವರು. ಪುಸ್ತಕ ವಾಪಸ್ ತಂದ ಮಗುವನ್ನು ಮೇಡಂ ಸುಮ್ಮನೆ ಬಿಡುತ್ತಿರಲಿಲ್ಲ.

"ಓದಿದ್ಮೇಲೆ ಏನ್ ಮಾಡ್ದೆ, ಅದ್ ಹೇಳು."

"ನಮ್ಮವ್ವಗ ಓದಿ ಹೇಳೀನ್ರಿ ಮೇಡಂ."

ಸರಿ, ಮೇಡಂ ಪೆನ್ಸಿಲ್ ಹಿಡಿಯುತ್ತಿದ್ದರು. ಕತೆ ಚೆನ್ನಾಗಿತ್ತು ಎಂದಷ್ಟೇ ಹೇಳಿದವರಿಗೆ ಬಿಡುಗಡೆಯಿಲ್ಲ. ಸ್ಟಾಫ್ ರೂಮಿನಲ್ಲಿ ನಾವು ಅವರನ್ನು ಪೊಲೀಸಮ್ಮ ಎಂದು ಆಡಿಕೊಳ್ಳುತ್ತಿದ್ದೆವು.

ಒಂದು ಬೇಸಿಗೆ ರಜೆಯಲ್ಲಿ ಮೇಡಂ ಊರಿಗೆ ಹೋಗಿದ್ದಾಗ ಲೈಬ್ರರಿಯನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಬಾರ್‌ಕೋಡ್ ಅಂಟಿಸಲು ಜಾಗ ಬೇಕೆಂದು ಅಷ್ಟೂ ಚೀಟಿಗಳನ್ನು ಪರಪರ ಕಿತ್ತು ರದ್ದಿಗೆ ಹಾಕಿದೆ. ಅವುಗಳ ಹಿಂಬದಿಯಲ್ಲಿ ಪೆನ್ಸಿಲ್ ಬರಹ ಕಂಡಿತ್ತು. ಮಕ್ಕಳ ಗೀಚಾಟ ಅಂದುಕೊಂಡೆ. ಒಂದನ್ನಾದರೂ ಓದಿ ನೋಡಬಾರದಿತ್ತೇ ನಾನು!

ರಜೆ ಮುಗಿಸಿ ಬಂದ ಮೇಡಂ ಒಂದೊಂದೇ ಪುಸ್ತಕ ತೆರೆದು ನೋಡಿದರು. "ಎಲ್ಲಾನೂ ಕಿತ್ಬಿಟ್ರಾ ಸಾರ್?" ಎಂದರು. ಯಾವ ಮಗು ಯಾವ ಪುಸ್ತಕದಿಂದ ಏನು ಕಲಿಯಿತು ಎಂಬುದನ್ನು ವರ್ಷಗಟ್ಟಲೆ ಆ ಚೀಟಿಗಳ ಹಿಂದೆಯೇ ಬರೆದಿಟ್ಟಿದ್ದರಂತೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅದೇ ವರ್ಷ ಆಡಳಿತ ಮಂಡಳಿಯವರು ಮೀಟಿಂಗ್ ಕರೆದರು. ಲೈಬ್ರರಿಯಿಂದ ಕಲಿಕೆಗೆ ಏನು ಉಪಯೋಗವಾಗಿದೆ, ದಾಖಲೆ ತೋರಿಸಿ, ಇಲ್ಲದಿದ್ದರೆ ಮುಚ್ಚುತ್ತೇವೆ ಎಂದರು. ಬರೆದಿಟ್ಟಿದ್ದೆ, ಈಗಿಲ್ಲ ಎಂದಷ್ಟೇ ಮೇಡಂ ಹೇಳಿದರು. ಕಾರ್ಯದರ್ಶಿಗಳು ನಕ್ಕರು. ಪಕ್ಕದಲ್ಲೇ ಕೂತಿದ್ದ ನನ್ನ ಹೆಸರನ್ನು ಮೇಡಂ ಎತ್ತಲೇ ಇಲ್ಲ. ಕಿತ್ತವನು ನಾನು ಎಂದು ನಾನೂ ಬಾಯಿಬಿಡಲಿಲ್ಲ. ನನ್ನ ಕೆಲಸಕ್ಕೆ ಕುತ್ತು ಬಂದೀತೆಂಬ ಹೆದರಿಕೆ. ಲೈಬ್ರರಿ ಮುಚ್ಚಿತು. ಕೆಲಸ ಹೋದದ್ದು ಮೇಡಂ ಅವರದು.

ಹೋದ ವರ್ಷ ಮೇಡಂ ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ಆ ಬೇಸಿಗೆಗೂ ಮೊದಲೇ ಲೈಬ್ರರಿಯಿಂದ ಎರಡನೇ ಸಲ ತಂದು, ಹಿಂದಿರುಗಿಸದೆ ಮನೆಯಲ್ಲೇ ಉಳಿಸಿಕೊಂಡಿದ್ದ ವಿದ್ಯುತ್ತಿನ ಪುಸ್ತಕವೊಂದು ನೆನಪಾಯಿತು. ಕಪಾಟಿನಿಂದ ತೆಗೆದೆ. ಚೀಟಿ ಹಾಗೇ ಇತ್ತು. ಎತ್ತಿ ನೋಡಿದೆ.

"ವಿಜ್ಞಾನದ ಸಾರ್ ಓದಿದರು. ಏಳನೇ ಕ್ಲಾಸಿನಲ್ಲಿ ನಿಂಬೆಹಣ್ಣುಗಳಿಂದ ಪುಟ್ಟ ದೀಪ ಹೊತ್ತಿಸಿ ತೋರಿಸಿದರು. ಆಮೇಲೆ ಹನ್ನೊಂದು ಮಕ್ಕಳು ಇದೇ ಪುಸ್ತಕ ಕೇಳಿಕೊಂಡು ಬಂದರು."

ಮೇಡಂ ತೋರಿಸಬೇಕಿದ್ದ ದಾಖಲೆ ಅಂದು ಅವರ ಪಕ್ಕದ ಕುರ್ಚಿಯಲ್ಲೇ ಬಾಯಿ ಮುಚ್ಚಿಕೊಂಡು ಕೂತಿತ್ತು.