ಹತ್ತು ಲೀಟರಿನ ಬಿಳಿ ಪೆಟ್ಟಿಗೆ

ಬಹೀಜಾಳ ಕಂಪ್ಯೂಟರು ಹೇಸರಗತ್ತೆಯ ಮೇಲೆ ಓಡಾಡುತ್ತಿತ್ತು. ಫೆಸ್ ಪಟ್ಟಣದ ಹಳೇ ಪೇಟೆಯ ಓಣಿಗಳಿಗೆ ಗಾಡಿ ನುಗ್ಗುವುದಿಲ್ಲ. ಗ್ಯಾಸ್ ಸಿಲಿಂಡರು, ಫ್ರಿಜ್ಜು, ಮದುವೆಯ ಹಾಸಿಗೆ, ಏನೇ ಇರಲಿ, ಹೇಸರಗತ್ತೆಯ ಬೆನ್ನಿಗೇ ಕಟ್ಟಬೇಕು. ಬಾ ಅಲ್ಲಾಲ್ ಎಂಬ ಮುದುಕ ಅವಳ ಕಂಪ್ಯೂಟರನ್ನು ಒಂದು ಮಗ್ಗುಲಿಗೆ ಕಟ್ಟಿ, ತೂಕ ಸರಿದೂಗಲೆಂದು ಇನ್ನೊಂದು ಮಗ್ಗುಲಿಗೆ ಕಡಲೆಯ ಮೂಟೆ ಕಟ್ಟುತ್ತಿದ್ದ.

"ನಿನ್ನ ಯಂತ್ರಕ್ಕಿಂತ ಕಡಲೇನೇ ವಾಸಿ ಕಣಮ್ಮ. ಮೆಟ್ಟಿಲು ಬಂದ್ರೂ ತೆಪ್ಪಗಿರುತ್ತೆ," ಎನ್ನುತ್ತಿದ್ದ.

ಬಹೀಜಾ ಹೆಂಗಸರ ಮದುವೆ ವಿಡಿಯೊ ಮಾಡುವವಳು. ಹೆಂಗಸರ ಕೋಣೆಗೆ ಗಂಡಸರು ಕಾಲಿಡುವಂತಿಲ್ಲವಾದ್ದರಿಂದ ಕ್ಯಾಮೆರಾ ಹಿಡಿಯುವವಳೂ ಹೆಂಗಸೇ ಆಗಬೇಕು. ಅಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ಹೆಂಗಸರು ತಲೆವಸ್ತ್ರ ತೆಗೆದು ಕುಣಿದ ಚಿತ್ರ ಮದುಮಗಳ ಮನೆಯ ಹೊಸ್ತಿಲು ದಾಟಬಾರದು ಎಂಬುದು ಹಳೇ ಮನೆತನಗಳ ಕಟ್ಟುನಿಟ್ಟು. ಹಾಗಾಗಿ ಎಡಿಟಿಂಗ್ ಕೂಡ ಅಲ್ಲೇ ಕೂತು, ಮನೆಯ ಹಿರಿಯಳ ಕಣ್ಣೆದುರಿಗೇ ಮಾಡಿ, ಮುಗಿದ ಮೇಲೆ ಎಲ್ಲವನ್ನೂ ಅಳಿಸಿ ಬರಬೇಕು. ಒಮ್ಮೆ ಮಾತು ತಪ್ಪಿದರೆ ಸಂಜೆಯೊಳಗೆ ಹಮಾಮಿನಲ್ಲಿ ಮೈ ತಿಕ್ಕಿಸಿಕೊಳ್ಳುವ ಹೆಂಗಸರಿಗೆಲ್ಲ ಸುದ್ದಿ. ಆಮೇಲೆ ಫೆಸ್‌ನ ಒಂದು ಬಾಗಿಲೂ ತೆರೆಯುವುದಿಲ್ಲ.

ಮೊದಲು ಅವಳ ಹತ್ತಿರ ಲ್ಯಾಪ್‌ಟಾಪ್ ಇತ್ತು. ಅದು ಆಗಸ್ಟ್ ತಿಂಗಳ ಒಂದು ಮದುವೆಮನೆಯ ಅಡುಗೆಕೋಣೆಯಲ್ಲಿ, ಐಸಿನ ತಟ್ಟೆಯ ಮೇಲೆ ಕೂರಿಸಿದ್ದರೂ, ಕಾದು ಕಾದು ಪ್ರಾಣ ಬಿಟ್ಟಿತು. ಆಮೇಲೆ ಕೊಂಡ ದೊಡ್ಡ ಕಂಪ್ಯೂಟರಿನ ಗಾಜಿನ ಮಗ್ಗುಲನ್ನು ಹೇಸರಗತ್ತೆ ಕಳೆದ ವಸಂತದಲ್ಲಿ ಗೋಡೆಗೆ ಉಜ್ಜಿ ಪುಡಿ ಮಾಡಿತು. ಒಳಗಿನ ಭಾಗಗಳಿಗೆ ಏನೂ ಆಗಿರಲಿಲ್ಲ. ಅವನ್ನೆಲ್ಲ ಹಿಡಿಸುವ, ಆದರೆ ಒಂದೇ ಕೈಯಲ್ಲಿ ಎತ್ತಿಕೊಂಡು ಓಣಿಯಲ್ಲಿ ನಡೆದುಬಿಡಬಹುದಾದ ಸಣ್ಣ ಕ್ಯಾಬಿನೆಟ್ ಬೇಕಿತ್ತು.

ಅದಕ್ಕೆಂದು ಅವಳು ಹೊಸ ಪೇಟೆಯ ಲೊತ್ಫಿಯ ಅಂಗಡಿಗೆ ಹೋದಳು. ಜೊತೆಗೆ ಅವಳ ತಾಯಿ ಯಮ್ನಾ. ಬಹೀಜಾಳ ಕೈಯಲ್ಲಿ ಮೂವತ್ತೊಂದು ಸೆಂಟಿಮೀಟರ್ ಉದ್ದದ ರಟ್ಟಿನ ತುಂಡು. ಅವಳ ಗ್ರಾಫಿಕ್ಸ್ ಕಾರ್ಡಿನ ಅಳತೆ ಅದು. ಮೂರು ಫ್ಯಾನಿರುವ ಆ ಕಾರ್ಡು ಒಳ್ಳೆ ಗಾತ್ರದ ಮೀನಿನಷ್ಟು ಉದ್ದವಿತ್ತು. ಅದು ಹೊಕ್ಕರೆ ಉಳಿದದ್ದೆಲ್ಲ ಹೊಕ್ಕಂತೆ.

"ಎಷ್ಟು ಲೀಟರಿಂದು ಬೇಕು?" ಎಂದ ಲೊತ್ಫಿ.

"ನಾವು ಎಣ್ಣೆ ತಗೊಳ್ಳೋಕೆ ಬಂದಿಲ್ಲಪ್ಪ," ಎಂದಳು ಯಮ್ನಾ.

"ಚಿಕ್ಕಮ್ಮ, ಸಣ್ಣ ಪೆಟ್ಟಿಗೆಗಳನ್ನ ನಾವು ಲೀಟರಿನಲ್ಲೇ ಅಳೆಯೋದು. ಇವಳ ಹಳೇದು ಐವತ್ತು ಲೀಟರು. ಇದು ನೋಡಿ, ಹತ್ತೇ ಲೀಟರು."

"ಹತ್ತು ಲೀಟರು ಅಂದ್ರೆ ರಂಜಾನಿನಲ್ಲಿ ನಾನು ಹರೀರಾ ಸಾರು ಮಾಡೋ ಪಾತ್ರೆ. ಅದರಲ್ಲಿ ಮಟನ್ನೇ ಸರಿಯಾಗಿ ಹಿಡಿಯಲ್ಲ. ಇವಳ ಯಂತ್ರ ಹಿಡಿಯುತ್ತಾ?"

"ಮಟನ್ ಮಡಚೋಕಾಗಲ್ಲ ಚಿಕ್ಕಮ್ಮ. ಇದರಲ್ಲಿ ತಂತಿ ಮಡಚಬಹುದು."

ಲೊತ್ಫಿ ಎರಡು ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟ. ಒಂದು ಕಪ್ಪಗಿತ್ತು. ಸುತ್ತಲೂ ಒರಟು ಜಾಲರಿ, ಕೆಳಗೆ ರಬ್ಬರಿನ ಕಾಲು, ಮೇಲೆ ಕಬ್ಬಿಣದ ಹಿಡಿ. ಸ್ಕ್ರೂ ಮುಟ್ಟದೆ ನಾಲ್ಕೂ ಕಡೆ ಬಿಚ್ಚಬಹುದು, ಗಾಳಿ ಚೆನ್ನಾಗಿ ಆಡುತ್ತದೆ, ಕಾರ್ಡು ಒಳಗೆ ಹೋಗಿಯೂ ಒಂದು ಬೆರಳು ಜಾಗ ಮಿಗುತ್ತದೆ. ಇನ್ನೊಂದು ಬಿಳಿ. ಮುಂದೆ ಆಕ್ರೋಟ್ ಮರದ ಹಲಗೆ, ಮಗ್ಗುಲಿಗೆ ಬಂಗಾರ ಬಣ್ಣದ ಸಣ್ಣ ಜಾಲರಿ, ಮೇಲೆ ಹದ ಮಾಡಿದ ಚರ್ಮದ ಹಿಡಿ. ಬಹೀಜಾಳ ಕಣ್ಣು ಅದರ ಮೇಲೇ ನೆಟ್ಟಿತು.

"ಬೇಡ ಕಣೇ ಬಹೀಜಾ," ಎಂದ ಲೊತ್ಫಿ. "ನೋಡೋಕೆ ಚೆನ್ನಾಗಿದೆ, ಒಪ್ಕೋತೀನಿ. ಆದ್ರೆ ಒಳಗೆ ಎಲ್ಲಾ ಒಂದರ ಮೇಲೊಂದು. ನೀನು ವಿಡಿಯೊ ತುಂಬಿಸಿಡೋ ಎರಡನೇ ಎಸ್‌ಎಸ್‌ಡಿ ಬೋರ್ಡಿನ ಹಿಂದುಗಡೆ ಕೂರುತ್ತೆ. ಅದನ್ನ ತೆಗೀಬೇಕು ಅಂದ್ರೆ ಕಾರ್ಡು ಬಿಚ್ಚು, ಪವರ್ ಸಪ್ಲೈ ಬಿಚ್ಚು, ಫ್ಯಾನು ಬಿಚ್ಚು, ಬೋರ್ಡೇ ಎತ್ತು. ಮುಕ್ಕಾಲು ಗಂಟೆ ಕೆಲಸ. ಕಪ್ಪಗಿರೋದನ್ನ ತಗೋ."

"ಅದು ಕೊಳಾಯಿ ರಿಪೇರಿಯವನ ಡಬ್ಬದ ಥರ ಇದೆ."

"ಇದ್ರೇನು? ನೀನು ಮಾಡೋದೂ ಕೆಲಸಾನೇ ತಾನೆ?"

ಬಹೀಜಾ ಬಿಳಿ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಕೊಳಾಯಿಯವನನ್ನು ದೊಡ್ಡ ಮನೆಗಳಲ್ಲಿ ಎಲ್ಲಿ ಕೂರಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ಒಂಬತ್ತು ವರ್ಷದಿಂದ ಅವಳನ್ನೂ ಅಲ್ಲೇ, ಅಡುಗೆಮನೆ ಬಾಗಿಲ ಪಕ್ಕ, ಈರುಳ್ಳಿ ಬುಟ್ಟಿಯ ಎದುರಿಗೆ ಕೂರಿಸುತ್ತಿದ್ದರು. ಈ ಬಿಳಿ ಪೆಟ್ಟಿಗೆ ಹಿಡಿದು ಹೋದವಳನ್ನು ಹಾಗೆ ಕೂರಿಸಲಾರರು ಎಂದು ಅವಳ ಮನಸ್ಸು ಹೇಳಿತು. ರಟ್ಟಿನ ತುಂಡನ್ನು ಒಳಗಿಟ್ಟು ನೋಡಿದಳು. ಕೂದಲೆಳೆಯಷ್ಟು ಜಾಗ ಬಿಟ್ಟು ಹೊಕ್ಕಿತು. ಬಿಳಿಯದನ್ನೇ ಕೊಂಡಳು.

ಅವಳ ಎಣಿಕೆ ತಪ್ಪಲಿಲ್ಲ. ಮುಂದಿನ ವಾರ ಲಲ್ಲಾ ಬತೂಲಳ ಮನೆಯಲ್ಲಿ ಮೊಮ್ಮಗಳು ನಿಸ್ರೀನಳ ಮದುವೆ. ಎಪ್ಪತ್ತನಾಲ್ಕು ವರ್ಷದ, ಎಲ್ಲರೂ ಗೌರವದಿಂದ 'ಲಲ್ಲಾ' ಎಂದು ಕರೆಯುವ ಬತೂಲ್ ಪೇಟೆಯ ಅರ್ಧ ಮದುವೆಗಳಿಗೆ ಹಿರಿಯಳಾಗಿ ಕೂರುವವಳು. ಆಕೆ ಮೆಚ್ಚಿದರೆ ಬೇಸಿಗೆಯಿಡೀ ಕೆಲಸ. ಕಣ್ಣು ಮಂಜಾಗಿದ್ದ ಆ ಮುದುಕಿ ಬಿಳಿ ಪೆಟ್ಟಿಗೆಯನ್ನು ಸವರಿ ನೋಡಿ, "ಇದನ್ನ ಅಡುಗೆಮನೇಲಿ ಇಡೋದಾ? ಹೊಗೆ ಹಿಡಿಯುತ್ತೆ," ಎಂದು ದೊಡ್ಡ ಹಜಾರದ ದಿವಾನಿನ ಪಕ್ಕ ಇಡಿಸಿದಳು. ಬಹೀಜಾ ಒಂಬತ್ತು ವರ್ಷದಲ್ಲಿ ಮೊದಲ ಸಲ ಮೆತ್ತೆಯ ಮೇಲೆ ಕೂತು ಚಹಾ ಕುಡಿದಳು.

"ಚಿತ್ರ ಹೊಸ್ತಿಲು ದಾಟಿದ್ರೆ ನಿನ್ನ ಕಾಲೂ ಈ ಪೇಟೆಯ ಹೊಸ್ತಿಲು ದಾಟಲ್ಲ, ತಿಳೀತಾ?" ಎಂದಳು ಲಲ್ಲಾ ಬತೂಲ್.

"ತಿಳೀತು ಲಲ್ಲಾ. ಪಾಸ್‌ವರ್ಡ್ ಕೂಡ ಹಾಕಿದೀನಿ."

"ಏನದು?"

"ಬೀಗದ ಥರ. ನನಗೆ ಬಿಟ್ರೆ ಯಾರಿಗೂ ತೆರೆಯಲ್ಲ."

"ನನ್ನ ಮನೇಲಿ ನನಗೆ ತೆರೆಯದ ಪೆಟ್ಟಿಗೆನಾ? ತೆಗಿ ಅದನ್ನ."

ಬಹೀಜಾ ತೆಗೆದಳು.

ಅಂದು ಗೋರಂಟಿಯ ಸಂಭ್ರಮ. ಹೆಂಗಸರೆಲ್ಲ ಸೇರಿದರು. ಮೂರನೇ ಹಾಡಿಗೆ ಲಲ್ಲಾ ಬತೂಲ್ ತಲೆವಸ್ತ್ರ ಕಿತ್ತೆಸೆದು, ಹನ್ನೆರಡು ಚಹಾ ಲೋಟಗಳ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಸೊಂಟ ಕುಲುಕಿಸಿ ಕುಣಿದಳು. ಕೂದಲು ಕಿತ್ತಳೆ ಬಣ್ಣಕ್ಕಿತ್ತು. ಹತ್ತು ಲೋಟ ಉಳಿದವು. ಬಹೀಜಾ ಎಲ್ಲವನ್ನೂ ಚಿತ್ರಿಸಿ, ಕಂಪ್ಯೂಟರಿಗೆ ತುಂಬಿಸಿ, ಕ್ಯಾಮೆರಾ ಖಾಲಿ ಮಾಡಿದಳು.

ಮರುದಿನ ಮದುಮಗಳ ಸಾಮಾನು ಗಂಡಿನ ಮನೆಗೆ ಹೊರಡುವ ದಿನ. ಹಜಾರದ ತುಂಬ ಹಾಸಿಗೆ, ಕಂಬಳಿ, ಬೆಳ್ಳಿಯ ಚಹಾಪಾತ್ರೆ, ಕಸೂತಿ ದಿಂಬುಗಳ ರಾಶಿ. ಯಾರೋ ಮದುಮಗಳ ಉಡುಪಿಗೆ ಇಸ್ತ್ರಿ ಹಾಕಬೇಕೆಂದು ಕಂಪ್ಯೂಟರಿನ ಪ್ಲಗ್ಗು ಕಿತ್ತಿದ್ದರು. ಬಹೀಜಾ ತಂತಿ ಸುತ್ತಿ ಚೀಲದಲ್ಲಿಟ್ಟು ಊಟಕ್ಕೆ ಹೋದಳು. ಊಟ ಮುಗಿಯುವಷ್ಟರಲ್ಲಿ ಡೋಲಿನವರು ಬಂದರು. ಅವಳು ಕ್ಯಾಮೆರಾ ಹಿಡಿದು ಬಾಗಿಲಿಗೆ ಓಡಿ ಮೆರವಣಿಗೆಯನ್ನು ಚಿತ್ರಿಸತೊಡಗಿದಳು. ಹಾಸಿಗೆ ಹೋಯಿತು, ಕಂಬಳಿ ಹೋಯಿತು. ಆಮೇಲೆ ದೊಡ್ಡ ತಟ್ಟೆಯೊಂದರಲ್ಲಿ, ಹಸಿರು ಜರಿವಸ್ತ್ರ ಹೊದ್ದ ಚೌಕನೆಯ ಗಂಟು. ಎಲ್ಲಕ್ಕಿಂತ ಅದೇ ಚೆಂದವಿತ್ತಾದ್ದರಿಂದ ಬಹೀಜಾ ಹತ್ತಿರದಿಂದ, ನಿಧಾನವಾಗಿ, ಅದು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಚಿತ್ರಿಸಿದಳು.

ಒಳಗೆ ಬಂದರೆ ದಿವಾನಿನ ಪಕ್ಕ ಮಾನಿಟರ್ ಮಾತ್ರ ನಿಂತಿತ್ತು.

"ಲಲ್ಲಾ, ಇಲ್ಲಿದ್ದ ಬಿಳಿ ಪೆಟ್ಟಿಗೆ?"

"ಕಾಸಾಬ್ಲಾಂಕಾದ ನನ್ನ ತಮ್ಮನ ಮಗಳು ಕಳಿಸಿರೋ ಉಡುಗೊರೆ ತಾನೆ ಅದು?" ಎಂದಳು ಲಲ್ಲಾ ಬತೂಲ್. "ತಂತಿ ಇಲ್ದೆ ದಿಂಬುಗಳ ರಾಶಿಲಿ ಕೂತಿತ್ತು. ಎಂಥಾ ಚರ್ಮದ ಹಿಡಿ. ನಾನೇ ಕೈಯಾರೆ ಜರಿವಸ್ತ್ರ ಹೊದಿಸಿ ಕಳಿಸಿದೆ."

ಬೀಗವಿಲ್ಲದ ಆ ಪೆಟ್ಟಿಗೆಯೊಳಗೆ ಲಲ್ಲಾ ಬತೂಲಳ ಕಿತ್ತಳೆ ಕೂದಲು ಗಂಡಿನ ಮನೆಗೆ ಡೋಲು ಬಾರಿಸಿಕೊಂಡು ಹೋಗಿತ್ತು. ಬಹೀಜಾ ಮುದುಕಿಗೆ ತಿಳಿಸದೆ, ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು, ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡು ಓಡಿದಳು.

ಗಂಡಿನ ಮನೆಯಲ್ಲಿ ಸಾಮಾನನ್ನೆಲ್ಲ ಹರವಿ ನೆರೆಹೊರೆಯ ಹೆಂಗಸರಿಗೆ ತೋರಿಸುತ್ತಿದ್ದರು. ನಲವತ್ತು ಜನ ಇದ್ದರು. ವಿಡಿಯೊದವಳೆಂದು ಬಹೀಜಾಳನ್ನು ಯಾರೂ ತಡೆಯಲಿಲ್ಲ. ಬಿಳಿ ಪೆಟ್ಟಿಗೆ ನಟ್ಟನಡುವೆ, ದಿಂಬಿನ ಮೇಲೆ ಕೂತಿತ್ತು.

"ಇದು ಧೂಪ ಹಾಕೋದು. ನೋಡಿ, ಹೊಗೆ ಬರೋಕೆ ತೂತಿದೆ," ಎಂದಳು ಒಬ್ಬಳು.

"ಅಲ್ಲ ಕಣೇ, ಚಳಿಗಾಲದ ಹೀಟರು."

"ಹೀಟರಿಗೆ ಚರ್ಮದ ಹಿಡಿ ಇಡ್ತಾರಾ? ಇದು ಬ್ರೆಡ್ ಮಾಡೋ ಮಷೀನು. ಫ್ರಾನ್ಸಿನಲ್ಲಿರೋ ನಮ್ಮ ಅತ್ತಿಗೆ ಮನೇಲಿ ಇದೆ."

ಗಂಡಿನ ತಾಯಿ, ಹಜ್ ಮಾಡಿ ಬಂದ ಹಾಜಾ ಸಫಿಯಾ, ಬಹೀಜಾಳನ್ನು ನೋಡಿ, "ನೀನಾದ್ರೂ ಹೇಳಮ್ಮ, ಏನಿದು?" ಎಂದಳು.

"ಕಂಪ್ಯೂಟರು ಹಾಜಾ."

ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ಈ ಓಣಿಗೆ ಮದುಮಗಳ ಜೊತೆ ಕಂಪ್ಯೂಟರು ಬಂದದ್ದು ಇದೇ ಮೊದಲು. ಹಾಜಾ ಸಫಿಯಾ ಉಬ್ಬಿಹೋದಳು. "ನಮ್ಮ ಮಗಳ ಗಂಡನ್ನ, ಅಳಿಯಂದ್ರನ್ನ ಕೂಗಿ. ಗಂಡಸರ ಕೋಣೆಯ ಟಿವಿಗೆ ಜೋಡಿಸಲಿ, ಎಲ್ಲರೂ ನೋಡೋಣ."

ಬಹೀಜಾ ಅದು ತನ್ನದೆಂದು ಹೇಳಿ ವಾಪಸ್ ಕೇಳುವಂತಿಲ್ಲ. ಮದುಮಗಳ ಜೊತೆ ಬಂದ ಸಾಮಾನು ಹಿಂದಕ್ಕೆ ಹೋದರೆ ಮದುವೆಯೇ ಮುರಿದಷ್ಟು ಅಪಶಕುನ.

"ಈಗಲೇ ಹಾಕಬೇಡಿ," ಎಂದಳು. "ಹೊಸ ಯಂತ್ರ. ಸಾಗಿಸುವಾಗ ಅಲುಗಾಡದಿರಲಿ ಅಂತ ಒಳಗೊಂದು ಪಟ್ಟಿ ಹಾಕಿರ್ತಾರೆ. ಅದನ್ನ ತೆಗೀದೆ ಹಾಕಿದ್ರೆ ಸುಟ್ಟುಹೋಗುತ್ತೆ."

"ನಿಜ," ಎಂದಳು ಹಾಜಾ ಸಫಿಯಾ. "ನಮ್ಮ ಬಟ್ಟೆ ಒಗೆಯೋ ಮಷೀನಿಗೂ ಹಾಗೇ ಇತ್ತು. ತೆಗೀದೆ ಹಾಕಿ ಅದು ಸ್ನಾನದ ಕೋಣೆಯಿಂದ ನಡೆದುಕೊಂಡು ಹಜಾರಕ್ಕೆ ಬಂದಿತ್ತು. ತೆಗಿಯಮ್ಮ, ಎರಡು ನಿಮಿಷದ ಕೆಲಸ ತಾನೆ?"

ಬಹೀಜಾ ನೆಲದ ಮೇಲೆ ಕೂತು ಬಿಚ್ಚತೊಡಗಿದಳು. ಲೊತ್ಫಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಮೊದಲು ಜಾಲರಿ, ಆಮೇಲೆ ಮರದ ಹಲಗೆ. ಕಾರ್ಡು ಅಷ್ಟು ಬಿಗಿಯಾಗಿತ್ತೆಂದರೆ ಒಬ್ಬಳು ಪೆಟ್ಟಿಗೆ ಹಿಡಿದು, ಇನ್ನೊಬ್ಬಳು ಬಹೀಜಾಳ ಭುಜ ಹಿಡಿದು ಎಳೆಯಬೇಕಾಯಿತು. ಹೊರಗೆ ಬಂದ ಕಾರ್ಡನ್ನು ಹಾಜಾ ಸಫಿಯಾ ಹಸುಗೂಸಿನಂತೆ ಮಡಿಲಲ್ಲಿ ಮಲಗಿಸಿಕೊಂಡಳು. ಸ್ಕ್ರೂಗಳನ್ನು ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟಾಯಿತು. ಪವರ್ ಸಪ್ಲೈ ಬಾದಾಮಿ ತಿಂಡಿಯ ತಟ್ಟೆಯ ಮೇಲೆ ಕೂತಿತು.

"ಇಷ್ಟೆಲ್ಲಾ ಇಷ್ಟರಲ್ಲಿ ಹೇಗೆ ತುರುಕಿದ್ರೋ," ಎಂದಳು ಒಬ್ಬ ಮುದುಕಿ. "ನನ್ನ ಸೊಸೆ ಊರಿಗೆ ಹೊರಟಾಗಲೂ ಪೆಟ್ಟಿಗೇಲಿ ಇಷ್ಟು ತುಂಬಲ್ಲ."

"ತುಂಬ್ತಾಳೆ. ನೀವು ನೋಡಿಲ್ಲ ಅಷ್ಟೆ," ಎಂದಳು ಸೊಸೆ, ಕೈಯಲ್ಲಿ ಸ್ಕ್ರೂ ಹಿಡಿದು.

ಅಳಿಯ ಬಾಗಿಲಾಚೆಯಿಂದ ಎರಡು ಸಲ ಕೆಮ್ಮಿ, "ಆಯ್ತಾ?" ಎಂದು ಕೇಳಿದ. ನಲವತ್ತು ಹೆಂಗಸರೂ ಒಟ್ಟಿಗೆ "ಇಲ್ಲ" ಎಂದರು.

ಕೊನೆಗೂ ಬೋರ್ಡು ಎದ್ದಿತು. ಹಿಂದುಗಡೆ, ಚೂಯಿಂಗ್ ಗಮ್ ಪಟ್ಟಿಯಷ್ಟಿದ್ದ ಎಸ್‌ಎಸ್‌ಡಿಯನ್ನು ಕಿತ್ತು ಬಹೀಜಾ ಎಲ್ಲರೆದುರು ಎತ್ತಿ ತೋರಿಸಿದಳು. "ಇದೇ ಆ ಪಟ್ಟಿ."

"ಇಷ್ಟಕ್ಕಾ?" ಎಂದಳು ಹಾಜಾ ಸಫಿಯಾ. "ಬಿಸಾಕು ಅತ್ತ."

"ನಾನೇ ಬಿಸಾಕ್ತೀನಿ," ಎಂದು ಬಹೀಜಾ ಅದನ್ನು ಒಳಜೇಬಿಗೆ ಸೇರಿಸಿದಳು. ಮತ್ತೆ ಎಲ್ಲರಿಂದ ಸ್ಕ್ರೂ ವಸೂಲಿ ಮಾಡಿ ಪೆಟ್ಟಿಗೆ ಮುಚ್ಚಿದಳು. ಒಂದು ಸ್ಕ್ರೂ ಕೊನೆಗೂ ಸಿಗಲಿಲ್ಲ. ಅಳಿಯ ಎಲ್ಲಿಂದಲೋ ತಂತಿಗಳನ್ನು ಹುಡುಕಿ ತಂದು ಟಿವಿಗೆ ಜೋಡಿಸಿದ. ಮೊದಲನೇ ಎಸ್‌ಎಸ್‌ಡಿಯ ಬಲದಿಂದ ನೀಲಿ ಪರದೆಯ ಮೇಲೆ ಒಂದು ಹೂವಿನ ಚಿತ್ರ ಮೂಡಿತು, ಅಷ್ಟೆ. ಗಂಡಸರು ಬಾಯಿ ತುಂಬ ಹೊಗಳಿದರು.

ಹಿಂತಿರುಗಿದ ಬಹೀಜಾ ಲಲ್ಲಾ ಬತೂಲಳ ಮುಂದೆ ಪಟ್ಟಿಯಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಸುಳ್ಳು ಹೇಳಿ ಪಾರಾಗಬಹುದಿತ್ತು. ಆದರೆ ಹೇಳದೆ ಇದ್ದರೆ ಮಾತು ತಪ್ಪಿದಂತೆ ಎಂದು ಅವಳಿಗನ್ನಿಸಿತು. ಮುದುಕಿ ಬಹಳ ಹೊತ್ತು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಾನು ಕುಣಿದಿದ್ದು ಇದರೊಳಗಿದೆಯಾ?"

"ಹೂಂ ಲಲ್ಲಾ. ಹೊಸ್ತಿಲು ದಾಟಿತ್ತು."

"ದಾಟಿಸಿದ್ದು ನಾನು. ನನ್ನ ಕಾಲು ಕತ್ತರಿಸ್ಲಾ?" ಎಂದಳು. "ನಿನಗೆ ಅಂಥದ್ದೇ ಇನ್ನೊಂದು ಪೆಟ್ಟಿಗೆ, ಒಳಗಿನ ಸಾಮಾನಿನ ಸಮೇತ ನನ್ನ ಮಗ ಕೊಡಿಸ್ತಾನೆ."

"ಅಂಥದ್ದು ಬೇಡ ಲಲ್ಲಾ. ಕಪ್ಪಗೆ, ಕೊಳಾಯಿಯವನ ಡಬ್ಬದ ಥರ ಒಂದಿದೆ. ಅದು ಸಾಕು. ಆದ್ರೆ ಒಳಗಿನ ಸಾಮಾನು ಬರೋಕೆ ಇಪ್ಪತ್ತು ದಿನ ಆಗುತ್ತೆ."

ಮದುವೆಯ ಏಳನೇ ದಿನಕ್ಕೆ ನಿಸ್ರೀನ್ ಚಿತ್ರ ನೋಡಬೇಕಿತ್ತು. ಯಂತ್ರ ಗಂಡಿನ ಮನೆಯಲ್ಲಿ, ಚಿತ್ರ ಹೆಣ್ಣಿನ ಮನೆಯಲ್ಲಿ. ಎರಡೂ ಹೊಸ್ತಿಲು ದಾಟುವಂತಿಲ್ಲ. ಲಲ್ಲಾ ಬತೂಲ್ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಯೋಚಿಸಿ, ಪಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿ ತನ್ನ ಎದೆಯೊಳಗೆ ಇಟ್ಟುಕೊಂಡಳು.

"ನಾನು ಎಲ್ಲಿ ಕೂತಿರ್ತೀನೋ ಅದೇ ಈ ಮನೆ," ಎಂದಳು.

ಮದುವೆಯ ಮರುದಿನದಿಂದ ಆಕೆ ದಿನಾ ಮಧ್ಯಾಹ್ನ, ಮೊಮ್ಮಗಳನ್ನು ನೋಡುವ ನೆಪದಲ್ಲಿ, ಮಾನಿಟರ್ ಸಮೇತ ಬಹೀಜಾಳನ್ನು ಕರೆದುಕೊಂಡು ಗಂಡಿನ ಮನೆಗೆ ಹೋದಳು. ಬಿಳಿ ಪೆಟ್ಟಿಗೆ ಈಗ ನಿಸ್ರೀನಳ ಕೋಣೆಯಲ್ಲಿತ್ತು. ಸಂಜೆಗೊಮ್ಮೆ ಕಳಚುವುದು ಬೇಡವೆಂದು ಬಹೀಜಾ ಪಟ್ಟಿಯನ್ನು ಈ ಸಲ ಪುಟ್ಟ ಡಬ್ಬಿಯಲ್ಲಿಟ್ಟು ತಂತಿಯಿಂದ ಹೊರಗಿನಿಂದಲೇ ಜೋಡಿಸಿದಳು. ಹಾಜಾ ಸಫಿಯಾ ಪೆಟ್ಟಿಗೆಗೆ ಕಸೂತಿ ಬಟ್ಟೆ ಹೊದಿಸುತ್ತಿದ್ದಳು. ಅದು ಕಾದು ಏದುಸಿರು ಬಿಡುತ್ತಿತ್ತು. ಬಹೀಜಾ ಬಟ್ಟೆ ತೆಗೆಯುತ್ತಿದ್ದಳು. ಮೂರನೇ ದಿನ ಹಾಜಾ ಸಫಿಯಾ ಬಾಗಿಲು ಹಾಕಿಕೊಂಡು ತಾನೂ ಒಳಗೇ ಕೂತಳು. ಲಲ್ಲಾ ಬತೂಲ್ ತಡೆಯಲಿಲ್ಲ. ತಟ್ಟೆ ಹೊತ್ತ ಕುಣಿತ ಬಂದಾಗ ಇಬ್ಬರೂ ಮುಂದಕ್ಕೆ ಬಾಗಿ ನೋಡಿದರು.

"ಲೋಟ ಎರಡು ಬಿದ್ವಲ್ಲ," ಎಂದಳು ಹಾಜಾ ಸಫಿಯಾ.

"ಅದನ್ನ ಕತ್ತರಿಸ್ತಾಳೆ ಇವಳು. ಕತ್ತರಿಸು ಬಹೀಜಾ."

"ಕತ್ತರಿಸಬೇಡ," ಎಂದಳು ಹಾಜಾ ಸಫಿಯಾ. "ಹನ್ನೆರಡರಲ್ಲಿ ಹತ್ತು ಉಳಿಸಿದೀರ. ನಮ್ಮ ಕಡೆ ಆರಕ್ಕಿಂತ ಹೆಚ್ಚು ಉಳಿಸಿದವರಿಲ್ಲ."

ಲಲ್ಲಾ ಬತೂಲ್ ಇನ್ನೊಮ್ಮೆ ತೋರಿಸು ಎಂದಳು. ಬಹೀಜಾ ಮೆತ್ತೆಯನ್ನು ಹತ್ತಿರಕ್ಕೆಳೆದುಕೊಂಡು ಚಿತ್ರವನ್ನು ಹಿಂದಕ್ಕೆ ಓಡಿಸಿದಳು.